ಎರಡು ರೊಟ್ಟಿಗಳ ನಡುವಿನ ಗಂಡ

ಕತೆ ಬರೆಯುವವಳನ್ನು ಮದುವೆಯಾದವನು ಮಾಸಪತ್ರಿಕೆಯನ್ನು ಎಚ್ಚರದಿಂದ ತೆರೆಯಬೇಕು. ನನಗೆ ತೆರೆಯುವ ಅವಕಾಶವೂ ಸಿಗದೆ ಪೆಟ್ಟು ಬಿತ್ತು. ಆ ಪೆಟ್ಟಿನಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲವಾದ್ದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ನಿಧಾನವಾಗಿ ಹೇಳುತ್ತೇನೆ.

ಆಗ ನಾನು ಸವಣೂರಿನಲ್ಲಿ ಕನ್ನಡ ಶಾಲೆಯ ಮಾಸ್ತರ. ಯುದ್ಧದ ಕಾಲ, ಚಿಮಣಿ ಎಣ್ಣೆ, ಕಾಗದ ಎರಡೂ ಸಿಗುವುದು ಕಷ್ಟ. ಆದರೂ ನನ್ನ ಹೆಂಡತಿ, ಬಂಕಾಪುರದ ಗಂಗವ್ವ, ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಕತೆ ಬರೆಯುತ್ತಿದ್ದಳು, ಅದೂ ಒಲೆಯ ಮುಂದೆ ಕುಳಿತು. ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಒಂದು ಮಗ್ಗಲು ಬೇಯುವಷ್ಟರಲ್ಲಿ ಒಂದು ಸಾಲು. ತಿರುವಿ ಹಾಕಿ ಇನ್ನೊಂದು. ಆಮೇಲೆ ಮತ್ತೆ ಕೈ ಹಿಟ್ಟಿಗೆ. ಅವಳ ಗಿಡ್ಡ ವಾಕ್ಯಗಳನ್ನು ನಮ್ಮ ಹೆಡ್‌ಮಾಸ್ತರರು ಹೊಸ ಶೈಲಿಯೆಂದು ಹೊಗಳಿದ್ದರು. ಆ ಶೈಲಿ ಜೋಳದ ರೊಟ್ಟಿಯದು ಎಂದು ಅವರಿಗೆ ಹೇಗೆ ಹೇಳಲಿ?

ಶಾಲೆಗೆ ಸೂಟಿಯಿದ್ದ ಒಂದು ದಿನ, ಮಧ್ಯಾಹ್ನದ ಟಪಾಲಿಗೆ ಹೋಗಬೇಕಿದ್ದ ಅವಳ ಕತೆಯನ್ನು ಓದಿದೆ. ಹೆಂಗಸೊಬ್ಬಳು ರೊಟ್ಟಿ ಬಡಿಯುವುದಕ್ಕೆ ಮೂರು ಪುಟ. ಅವಳ ಗಂಡ ಮಾಸ್ತರಿಕೆ ಕಲಿಯಲು ಧಾರವಾಡಕ್ಕೆ ಹೋಗಿ ಬಂದದ್ದಕ್ಕೆ ಇಷ್ಟೇ: ‘ಅವರು ಹೋದರು. ಎರಡು ವರ್ಷಕ್ಕೆ ಬಂದರು.’ ನಾನೂ ಧಾರವಾಡಕ್ಕೆ ಹೋಗಿ ಎರಡು ವರ್ಷಕ್ಕೆ ಬಂದವನು. ಖಾನಾವಳಿಯ ನೀರುಸಾರು, ಚಳಿಜ್ವರ, ಗಣಿತದ ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ಪಾರಾದದ್ದು, ಒಂದೂ ಅದರಲ್ಲಿರಲಿಲ್ಲ. ಶಾಲೆಯ ಮಾಸ್ತರರೆಲ್ಲ ಓದುವ ಪತ್ರಿಕೆಯಲ್ಲಿ ನನ್ನ ಬಾಳು ಇಷ್ಟಕ್ಕೇ ಮುಗಿಯುವುದಿತ್ತು.

“ಗಂಗಾ, ಎರಡು ವರ್ಷ ಎಲ್ಲಿ ಹೋದವು?”

“ನಿಮ್ಮ ಕೂಡ ಧಾರವಾಡಕ್ಕ ಹೋದ್ವು. ನನ್ನ ಕರಕೊಂಡು ಹೋಗಿದ್ರೇನ್ರಿ?”

“ಕತಿಯೊಳಗ ಗಂಡಸು ಏನರ ಮಾಡಬ್ಯಾಡೇನು?”

“ಮಾಡ್ರಿ, ಬರಿತೇನಿ.”

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಕತೆಯಲ್ಲಿ ಕಾಲವನ್ನು ಹೇಗೆ ನಡೆಸಬೇಕು, ದೊಡ್ಡ ಸಂಗತಿಗೆ ಎಷ್ಟು ಜಾಗ, ಸಣ್ಣದಕ್ಕೆ ಎಷ್ಟು ಎಂದು ವಿವರಿಸತೊಡಗಿದೆ. ಅವಳು “ಹೂಂರಿ, ಹೂಂರಿ” ಎನ್ನುತ್ತ ಒಲೆಯ ಮುಂದೆಯೇ ಬರೆದುಕೊಂಡಳು. ಶಾಲೆಯಲ್ಲಿ ಕೂಡ ನನ್ನ ಮಾತನ್ನು ಯಾರೂ ಅಷ್ಟು ಶ್ರದ್ಧೆಯಿಂದ ಬರೆದುಕೊಂಡದ್ದಿಲ್ಲ. ಹುರುಪೇರಿ ಇನ್ನಷ್ಟು ಹೇಳಿದೆ. ನನಗೆ ಊಟಕ್ಕೆ ಬಡಿಸಿ, ಕೊನೆಗೆ ಇನ್ನೊಂದು ಸಾಲು ಬರೆದು ಅವಳು ಕಾಗದ ಮಡಿಚಿದಳು.

“ತಗೋರಿ, ನೀವೂ ಬಂದ್ರಿ ಕತಿಯೊಳಗ.”

ನಾನೇ ಹೋಗಿ ಟಪಾಲಿಗೆ ಹಾಕಿ ಬಂದೆ. ಹೆಮ್ಮೆಯಲ್ಲಿ ಮತ್ತೆ ಓದಿ ನೋಡಲಿಲ್ಲ.

ಪತ್ರಿಕೆ ಬಂದಾಗ ಹೆಡ್‌ಮಾಸ್ತರರು ಎಲ್ಲರೆದುರು ಗಟ್ಟಿಯಾಗಿ ಓದಿದರು. ನನ್ನ ಎರಡು ವರ್ಷ ಮೊದಲಿನಷ್ಟೇ ಇತ್ತು. ಮುಂದೆ ಹೊಸ ಸಾಲುಗಳು: ‘ಅವರು ಬಾಗಿಲಿಗೆ ಬಂದು ನಿಂತರು. ಮಾತಾಡಿದರು. ಮಾತು ಮುಗಿಯುವಷ್ಟರಲ್ಲಿ ರೊಟ್ಟಿ ಸೀದಿತ್ತು. ಅವಳು ಅದನ್ನು ಅವರ ತಾಟಿಗೇ ಹಾಕಿದಳು.’

“ಮಾಸ್ತರ, ಇಂಥಾ ಗಂಡಸ್ರು ಎಲ್ಲಿರ್ತಾರ್ರಿ?” ಎಂದು ಹೆಡ್‌ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು.

“ಧಾರವಾಡದ ಕಡೆ ಇರಬೇಕ್ರಿ” ಎಂದೆ.

ಆ ದಿನ ತಿಂದ ರೊಟ್ಟಿ ಕರ್ರಗಿದ್ದದ್ದು ಆಗ ನೆನಪಾಯಿತು. ಖಚಿತವಾಗಿ ಹೇಳಬೇಕೆಂದರೆ, ಮಾತಿನ ಭರದಲ್ಲಿ ಅದನ್ನು ಚೆನ್ನಾಗಿದೆ ಎಂದು ಹೊಗಳಿ ಇನ್ನೊಂದನ್ನೂ ಕೇಳಿದ್ದೆ. ಆ ಸಂಗತಿ ಕತೆಯಲ್ಲಿರಲಿಲ್ಲ. ಏನನ್ನು ಬರೆಯದೆ ಬಿಡಬೇಕು ಎಂಬುದನ್ನು ಮಾತ್ರ ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.