ಸೀಸೆಗೆ ನಾನು ಕೊಟ್ಟ ಬಡ್ತಿ

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ನಾನು ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದೆ. ಒಂದು ನಟ್ಟು ಸಹ ನನ್ನ ಕೈಯಲ್ಲಿ ಕಳೆದುಹೋಗಲಿಲ್ಲ. ಅಂಥವನಿಗೆ ಹೆಬ್ಬೆರಳುದ್ದದ ಸೀಸೆಯೊಂದನ್ನು ಎರಡು ದಿನ ಕಾಯುವುದು ಏನು ಮಹಾ!

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಮಹಡಿ ಕೋಣೆಯಲ್ಲಿ ದಾವಣಗೆರೆಯ ವಿಮಲಾ ಬಾಡಿಗೆಗಿದ್ದಳು. ರಕ್ತ ಹುಟ್ಟುವ ಬಗೆಯ ಮೇಲೆ ಅವಳ ಸಂಶೋಧನೆ. ಆ ವರ್ಷವೂ ಕೆಲಸ ಮುಗಿಯದಿದ್ದರೆ ಊರಿಗೆ ವಾಪಸ್ ಬಾ ಎಂದು ಅವಳ ತಂದೆ ಖಡಾಖಂಡಿತವಾಗಿ ಹೇಳಿದ್ದರು. ಅಂಥ ಹೊತ್ತಿನಲ್ಲೇ ಲ್ಯಾಬಿನ ಫ್ರಿಜ್ ಕೆಟ್ಟಿತು. ಬೀದಿಗೆಲ್ಲ ಇದ್ದದ್ದು ನಮ್ಮದೊಂದೇ ಫ್ರಿಜ್. ನೆರೆಯವರ ದೋಸೆಹಿಟ್ಟು, ದೇವರ ಮಲ್ಲಿಗೆ, ಎಲ್ಲಕ್ಕೂ ಅಲ್ಲೇ ವಾಸ. ಶನಿವಾರ ಸಂಜೆ ವಿಮಲಾ ಸೀಸೆ ತಂದುಕೊಟ್ಟಳು.

“ಅಂಕಲ್, ಸೋಮವಾರ ಬೆಳಿಗ್ಗೆವರೆಗೂ ಫ್ರಿಜ್ಜಿನ ಕೆಳಗಿನ ಖಾನೆಯಲ್ಲೇ ಇರ್ಲಿ. ಅಲುಗಾಡಿಸಬ್ಯಾಡ್ರಿ.”

ಏನಿದು ಎಂದು ಕೇಳಿದೆ. ಮೂತ್ರಪಿಂಡ ಕಳಿಸುವ ಹಾರ್ಮೋನಂತೆ. ಮೂಳೆಯೊಳಗಿನ ಜೀವಕೋಶದ ಹೊರಬಾಗಿಲಿಗೆ ಬಂದು ಅಂಟಿಕೊಳ್ಳುತ್ತದಂತೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ ಒಳಮನೆ ಮುಟ್ಟಿದರೆ ಕೋಶ ಬೆಳೆದು, ಒಂದು ಎರಡಾಗಿ, ಕೊನೆಗೆ ಕೆಂಪು ರಕ್ತಕಣವಾಗುತ್ತದಂತೆ. ನಡುವೆ ಯಾರು ಯಾರ ಕೈಗೆ ದಾಟಿಸುತ್ತಾರೆ ಎಂಬುದೇ ಅವಳು ಹುಡುಕುತ್ತಿದ್ದ ವಿಷಯ. ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಕಾರ್ಖಾನೆಯ ಚೀಟಿ ಗೇಟಿನಿಂದ ಸೂಪರ್‌ವೈಸರ್‌ಗೆ, ಅವನಿಂದ ನನಗೆ ಬರುವ ಹಾಗೆ!

“ಇದನ್ನ ಎಲ್ಲಿಂದ ತೆಗೀತಾರಮ್ಮ?”

“ರೋಗಿಗಳ ಮೂತ್ರದಿಂದ, ಅಂಕಲ್. ಪೂರ್ತಿ ಶುದ್ಧ ಮಾಡಿರ್ತಾರೆ.”

ಈ ಜ್ಞಾನವನ್ನು ನಾನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬಹುದಿತ್ತು. ಊಟಕ್ಕೆ ಕೂತಾಗ ಹೆಂಡತಿ ಕಮಲಳಿಗೆ ಬಡಿಸಿದೆ.

ಅವಳು ಸೌಟು ಕೆಳಗಿಟ್ಟಳು. “ರೀ, ಅದನ್ನ ದೇವರ ಹೂವಿನ ಪಕ್ಕ ಇಟ್ಟಿದೀರಾ?”

ಹೊರಗಿಟ್ಟರೆ ಸೀಸೆ ಕೆಡುತ್ತದೆ, ಒಳಗಿಟ್ಟರೆ ಮಡಿ ಕೆಡುತ್ತದೆ. ದೀರ್ಘವಾಗಿ ಆಲೋಚಿಸಿ ಫ್ರಿಜ್‌ನ ಮೇಲ್ಭಾಗದ ಐಸ್ ಪೆಟ್ಟಿಗೆಯನ್ನು ಆರಿಸಿದೆ. ಅದಕ್ಕೆ ಬೇರೆ ಬಾಗಿಲಿದೆ. ಬೇರೆ ಬಾಗಿಲು ಎಂದರೆ ಬೇರೆ ಮನೆ! ಮೇಲಾಗಿ ಇನ್ನೂ ತಣ್ಣಗಿರುತ್ತದೆ. ಹೀಗೆ ಸೀಸೆಗೆ ಬಡ್ತಿ ಕೊಟ್ಟೆ. ಕಮಲಳೂ ಒಪ್ಪಿದಳು.

ಸೋಮವಾರ ಬೆಳಿಗ್ಗೆ ನೋಡಿದರೆ ಒಳಗಿನದು ಕಲ್ಲಾಗಿತ್ತು. ಮೆಟ್ಟಿಲ ಮೇಲೆ ವಿಮಲಾಳ ಚಪ್ಪಲಿ ಸದ್ದು. ಬಚ್ಚಲಿಗೆ ಓಡಿ, ಹಂಡೆಯ ಬಿಸಿನೀರಿನಲ್ಲಿ ಸೀಸೆ ಅದ್ದಿ ಗಲಗಲ ಅಲ್ಲಾಡಿಸಿದೆ. ಕರಗಿತು! ಟವೆಲ್ಲಿನಲ್ಲಿ ಒರೆಸಿ ಎರಡೂ ಕೈಯಲ್ಲಿ ಒಪ್ಪಿಸಿದೆ.

“ನೀವಿಲ್ದಿದ್ರೆ ನನ್ನ ಕೆಲಸ ಕೆಡ್ತಿತ್ತು, ಅಂಕಲ್,” ಎಂದಳು.

ಎರಡು ವಾರ ಕಳೆಯುವುದರೊಳಗೆ ಅವಳ ಮುಖ ಬಾಡಿತು. ಆ ಹಾರ್ಮೋನು ಹಾಕಿದರೂ ಕೋಶಗಳು ಬೆಳೆಯದೆ ಸಾಯುತ್ತಿದ್ದವಂತೆ. ಬಾಗಿಲ ತನಕ ಬಂದ ಸುದ್ದಿ ಒಳಗೆಲ್ಲೋ ನಿಲ್ಲುತ್ತಿದೆ ಎಂದು ಅವಳ ಅನುಮಾನ. ಬಾಯಿಬಿಡಬೇಕಾದ ಹೊತ್ತು ಅದು. ನಾನು ಬಾಯಿಬಿಟ್ಟೆ, ಸಲಹೆ ಕೊಡಲು! ನಡುವಿನ ಸೂಪರ್‌ವೈಸರ್ ಯಾರೋ ಚೀಟಿ ಜೇಬಿಗಿಟ್ಟುಕೊಂಡು ಟೀ ಕುಡಿಯಲು ಹೋಗಿರಬೇಕು ಎಂದೆ. ಪಾಪ, ಆ ಹುಡುಗಿ ಇನ್ನೂ ಹತ್ತು ದಿನ ಅವನನ್ನು ಕೋಶದೊಳಗೆ ಹುಡುಕಿದಳು.

ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟಿದ್ದ ನನ್ನ ಕೈಗೆ ವಿಮಲಾ ಕಾಗದ ಕೊಟ್ಟಳು. “ಅಪ್ಪಗೆ ಬರೆದೀನಿ, ಬಂದುಬಿಡ್ತೀನಿ ಅಂತ. ದಾರೀಲಿ ಪೋಸ್ಟ್ ಡಬ್ಬಕ್ಕೆ ಹಾಕಿಬಿಡ್ರಿ.”

ಕಾಗದ ಜೇಬಿಗಿಟ್ಟುಕೊಂಡು ಮನೆಯ ಗೇಟಿನವರೆಗೆ ಹೋದೆ. ಜೇಬು ಸುಟ್ಟಂತಾಯಿತು. ಹಿಂದಿರುಗಿ ಬಂದು ಐಸ್ ಪೆಟ್ಟಿಗೆಯಿಂದ ಹಂಡೆಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ.

“ಹಂಡೆ ನೀರಾಗಾ?” ಎಂದಳು.

“ಕುದೀತಿರ್ಲಿಲ್ಲ ಕಣಮ್ಮ. ಬಿಸಿ ಅಷ್ಟೇ.”

ಅವಳು ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಕಮಲ ನನ್ನನ್ನು ನುಂಗುವ ಹಾಗೆ ನೋಡಿದಳು. ವಿಮಲಾ ತಲೆಯೆತ್ತಿದಾಗ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು.

“ಹಂಗಾದ್ರೆ ಕೆಟ್ಟಿದ್ದು ಸೀಸೆಯೊಳಗಿನ ಹಾರ್ಮೋನು, ನನ್ನ ಕೋಶಗಳದು ಏನೂ ತಪ್ಪಿಲ್ಲ,” ಎಂದು ಕಾಗದ ಹರಿದಳು.

ಅವಳ ಪ್ರೊಫೆಸರ್ ಬೇರೆ ಸೀಸೆ ತರಿಸಿದರು. ಕೋಶಗಳು ಬೆಳೆದವು, ವರ್ಷದೊಳಗೆ ಕೆಲಸವೂ ಮುಗಿಯಿತು. ಚೀಟಿ ಜೇಬಿಗಿಟ್ಟುಕೊಂಡ ಸೂಪರ್‌ವೈಸರ್ ಯಾರೆಂದು ಆಗಲೇ ಗೊತ್ತಾಗಿತ್ತಲ್ಲ. ಅವನು ಈಗ ಮುದುಕನಾಗಿದ್ದಾನೆ. ಮೂವತ್ತು ವರ್ಷ ಸ್ಟೋರ್ ಕಾಯ್ದ ಅವನು ಇವತ್ತಿಗೂ ಮನೆಯ ಫ್ರಿಜ್ ತೆರೆಯಬೇಕಾದರೆ ಕಮಲಳ ಅನುಮತಿ ಪಡೆಯಬೇಕು. ಐಸ್ ಪೆಟ್ಟಿಗೆಗಂತೂ ಅನುಮತಿಯೇ ಇಲ್ಲ!