ದೋಟಿಯಾದ ಗಾಳದ ಕೋಲು

ನಾ ಒಂದು ಸಣ್ಣ ಸುಳ್ಳು ಹೇಳಿದರ ಸಾಕು, ಮನ್ಯಾಗ ಏನರ ಒಂದು ಮುರಿತೈತಿ. ವರ್ಷಕ್ಕೊಮ್ಮೆ ಇದು ತಪ್ಪಿದ್ದಲ್ಲ. ಈ ಸಲ ಮುರಿದದ್ದು ನಮ್ಮ ಸಾಹೇಬರ ಮೀನು ಹಿಡಿಯೋ ಗಾಳದ ಕೋಲು.

೧. ಅವ್ವ

ಬೇಗಂಪೇಟೆ ಆಫೀಸಿನ ನಮ್ಮ ಸಾಹೇಬರು ಬೀದರ ಕಡೆಯವರು. ಎಂಟು ದಿನ ಊರಿಗೆ ಹೊಂಟಾಗ ಕೋಲನ್ನ ಚೀಲದ ಸಮೇತ ನನ್ನ ಕೈಯಾಗಿಟ್ಟು, ನೀ ಕಾಯಿಪಲ್ಯ ತಿನ್ನಾಂವ, ನಿನ್ನ ಮನ್ಯಾಗ ಇದನ್ನ ಯಾರೂ ಮುಟ್ಟಂಗಿಲ್ಲ ಅಂದರು.

ಮನ್ಯಾಗ ಅವ್ವ, ಏನಿದು ಅಂದಳು. ಮೀನಿಂದು ಅಂದರ ನನ್ನೂ ಸೇರಿಸಿ ಹೊರಗ ನಿಲ್ಲಸ್ತಾಳ. ಮಾವಿನಕಾಯಿ ಕೀಳೋ ದೋಟಿ ಅಂದುಬಿಟ್ಟೆ. ಅದು ಉಪ್ಪಿನಕಾಯಿ ಹಾಕೋ ಕಾಲ. ಮರುದಿನ ನಾ ಆಫೀಸಿನಿಂದ ಬರೋದ್ರಾಗ ಅಂಗಳದ ಗಿಡದ ಅರ್ಧ ಕಾಯಿ ಅಡಿಗಿಮನ್ಯಾಗಿದ್ವು, ಕೋಲಿನ ತುದಿ ಗೇಣುದ್ದ ಮುರದಿತ್ತು.

"ಭಾಳ ನಾಜೂಕ ಐತಿ. ಅಂಗಡ್ಯಾಂವ ನಿನಗ ಮೋಸ ಮಾಡ್ಯಾನ," ಅಂದಳು.

೨. ಚಾಚಾ

ಪಟಾನ್‌ಚೆರು ಅನ್ನೋ ಊರ ಹೊರಗಿನ ಗೋಡೌನಿಗೆ ಯಾರನ್ನ ವರ್ಗ ಮಾಡಬೇಕನ್ನೋದು ಆ ತಿಂಗಳು ಸಾಹೇಬರ ಕೈಯಾಗಿತ್ತು.

ಕಾಚಿಗೂಡದಾಗ ಛತ್ರಿ ರಿಪೇರಿ ಮಾಡೋ ಚಾಚಾ ಒಬ್ಬರಿದ್ದಾರ, ಅವರ ಹತ್ರ ಒಯ್ದೆ. ಕೋಲಿನ ಟೊಳ್ಳಿನ್ಯಾಗ ಗಟ್ಟಿ ಕಡ್ಡಿ ತುರುಕಿ, ಅಂಟು ಹಾಕಿ, ಮ್ಯಾಲ ಕರಿ ದಾರ ಸುತ್ತಾಕತ್ತಿದ್ದರು. ಎಷ್ಟು ದೊಡ್ಡ ಮೀನು ಬಿದ್ದಿತ್ತು ಅಂತ ಕೇಳಿದರು. ಮೀನಲ್ಲ ಚಾಚಾ, ಮಾವಿನಕಾಯಿ ಅಂದೆ. ಅವರು ನಗಲೂ ಇಲ್ಲ. ಹಲಸಿನ ಹಣ್ಣೂ ಇದರಿಂದನ ಕೀಳವರದೀರೇನು, ಹಂಗಿದ್ದರ ಇನ್ನೂ ನಾಕು ಸುತ್ತು ಹಾಕ್ತೀನಿ ಅಂದರು.

೩. ಭರಣಿ

ಮನಸು ತಡೀಲಿಲ್ಲ, ಅವ್ವಗ ಖರೇ ಹೇಳಿದೆ. ಉಪ್ಪು ಹಚ್ಚಿದ ಹೋಳಿನ ಬುಟ್ಟಿ ಆಕಿ ದೂರ ಸರಿಸಿದಳು. ಎಲ್ಲಾ ಚೆಲ್ಲತಾಳ ಅನಕೊಂಡೆ. ಕಡೀಕ, ಇದರಿಂದ ಎಂದರ ಮೀನು ಹಿಡದಾರೇನು ಅಂತ ಕೇಳಿದಳು. ಸಾಹೇಬರಿಗೆ ಈತನಕ ಒಂದೂ ಬಿದ್ದಿಲ್ಲಂತ ಅಂದೆ.

"ಹಂಗಾರ ಅದು ಬರೇ ಕೋಲು," ಅಂದು ಖಾರ ಕಲಸಿ ಭರಣಿಗೆ ತುಂಬಿದಳು.

೪. ಸಾಹೇಬರು

ಸಾಹೇಬರು ಬಂದ ದಿನ ಕೈ ಜೋಡಿಸಿ, ಮುರದಿತ್ತರಿ, ರಿಪೇರಿ ಮಾಡಿಸೀನಿ ಅಂದೆ. ಮುರದಿತ್ತು ಅಂದಕೂಡಲೆ ಅವರ ಮುಖ ಅರಳಿತು. ರಿಪೇರಿ ಅಂದಕೂಡಲೆ ಬಾಡಿತು. ದಾರ ಸುತ್ತಿದ ಜಾಗ ಹಿಡದು ಬಗ್ಗಿಸಿದರು, ಜಗ್ಗಿದರು. ಏನೂ ಆಗಲಿಲ್ಲ.

"ಇದು ನಮ್ಮ ಮಾವನೋರದು, ಜ್ವಾಕಿಂದ ಇಡಬೇಕಂತ ಅವರ ಹುಕುಂ. ಐತವಾರ ಬಂತಂದರ ಕೆರಿ ದಂಡಿಮ್ಯಾಲ ಬಿಸಲಾಗ ನನ್ನ ಕುಂದರಸ್ತಾರ. ಇದೊಂದು ಮುರದರ ಬಿಡುಗಡಿ ಆಗ್ತದಂತ ಎರಡು ವರ್ಷದಿಂದ ಹರಕಿ ಹೊತ್ತೀನಿ," ಅಂದರು.

ಪಟಾನ್‌ಚೆರು ತಪ್ಪಿತು ಅಂತ ನನ್ನ ಜೀವ ಹಗರಾತು. ಮುರದದ್ದಕ್ಕ ಮಾಫ್ ಮಾಡ್ರಿ ಅಂದೆ.

"ಅದಕ್ಕ ಮಾಫ್ ಯಾಕ? ರಿಪೇರಿ ಮಾಡಿಸಂತ ನಿನಗ ಯಾರು ಹೇಳಿದರು?"