ಕೆಂಪಿಗೊಂದು ಷರತ್ತು

ಬಣ್ಣದ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಂಗಿ ಆರಿಸುವವಳು ಹೆಂಡತಿ, ಗೋಡೆಯ ಬಣ್ಣ ಆರಿಸುವವಳೂ ಅವಳೇ. ಒಮ್ಮೆ ಸ್ವಂತ ಬುದ್ಧಿ ಖರ್ಚು ಮಾಡಿ ರಾಣೆಬೆನ್ನೂರಿನಿಂದ ಅವಳಿಗೊಂದು ಸೀರೆ ತಂದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಚಲೋ ಅದರಿ, ಕಿಟಕಿಗೆ ಛಂದ ಕಾಣ್ತದ" ಎಂದಳು. ಈಗಲೂ ಅದು ಕಿಟಕಿಯಲ್ಲೇ ಇದೆ. ಇಂಥ ನಾನು ಬಣ್ಣದಿಂದಲೇ ಬ್ಯಾಡಗಿಯಲ್ಲಿ ಹೆಸರು ಮಾಡಿದೆ ಎಂದರೆ ನಿಮಗೆ ನಗು ಬರಬಹುದು. ನಗಿರಿ, ಆದರೆ ಪೂರ್ತಿ ಕೇಳಿ ಆಮೇಲೆ ನಗಿರಿ.

ಹಾವೇರಿಯಿಂದ ದಿನಾ ಬಸ್ಸು ಹಿಡಿದು ಬ್ಯಾಡಗಿಗೆ ಹೋಗಿ, ಒಣಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ನಾನು ಮ್ಯಾನೇಜರಿಕೆ ಮಾಡುತ್ತೇನೆ. ಮ್ಯಾನೇಜರ್ ಎಂದರೆ ಘಾಟಿಗೆ ಸೀನುತ್ತ ಎಕ್ಸೆಲ್ ಶೀಟು ತುಂಬುವವನು, ಅಷ್ಟೇ. ಯಾವ ಲಾಟು ಯಾವ ಕೋಣೆಯಲ್ಲಿದೆ, ಅದರಲ್ಲಿ ತೇವ ಎಷ್ಟಿದೆ ಎಂದು ಸಾಲು ಸಾಲು ಅಂಕಿ. ತೇವ ಹೆಚ್ಚಿರುವ ಕಾಯಿ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ, ಅದು ಲಾರಿ ಹತ್ತಬಾರದು. ಅಂಕಿ ನೋಡಿ ನೋಡಿ ಕಣ್ಣು ಸೋತಾಗ ಮಗಳ ಪಕ್ಕ ಕೂತು ಕಂಡೀಶನಲ್ ಫಾರ್ಮ್ಯಾಟಿಂಗ್ ಎಂಬ ವಿದ್ಯೆ ಕಲಿತೆ. ಅಂಕಿ ಇಷ್ಟು ದಾಟಿದರೆ ಈ ಬಣ್ಣಕ್ಕೆ ತಿರುಗು ಎಂದು ಒಮ್ಮೆ ಷರತ್ತು ಹಾಕಿದರೆ ಸಾಕು, ಆ ಸಾಲು ತಾನೇ ಬಣ್ಣ ಬದಲಿಸುತ್ತದೆ. ಮದುವೆಯಾದಂದಿನಿಂದ ನಾನು ಹಾಕಿದ ಷರತ್ತನ್ನು ಮರುಮಾತಿಲ್ಲದೆ ಒಪ್ಪಿದ್ದು ಇದೊಂದೇ.

ತೇವ ಹೆಚ್ಚಾದ ಸಾಲುಗಳಿಗೆ ಕಡುಗೆಂಪು ಹಾಕಿದೆ. ಕೆಂಪು ಎಂದರೆ ಅಪಾಯ, ಇದನ್ನೂ ಬಿಡಿಸಿ ಹೇಳಬೇಕೇ ಎಂದು ಯಾರಿಗೂ ಹೇಳದೆ ಶೀಟನ್ನು ನಮ್ಮ ಮಾಲೀಕರಾದ ಸಾವಕಾರರ ಫೋನಿಗೆ ಕಳಿಸಿದೆ. ತಕ್ಷಣ ಕರೆ ಬಂತು. "ಭಾರಿ ಮಾಡೀರಿ ಮ್ಯಾನೇಜರ್ರ! ನೋಡಿದ್ ಕೂಡ್ಲೇ ತಿಳಿಯೂ ಹಂಗ ಐತಿ." ನಾನು ಉಬ್ಬಿಹೋಗಿ ಖಾನಾವಳಿಯಲ್ಲಿ ಒಂದು ರೊಟ್ಟಿ ಹೆಚ್ಚೇ ತಿಂದು ಬಂದೆ. ಬಂದು ನೋಡುತ್ತೇನೆ, ಹಮಾಲರು ಆ ಕೆಂಪು ಸಾಲಿನ ಲಾಟುಗಳನ್ನೇ ಹುಡುಕಿ ಹುಡುಕಿ ಲಾರಿಗೆ ಹೇರುತ್ತಿದ್ದಾರೆ! ಹೊಸ ಗಿರಾಕಿಗೆ ಹೊರಟ ಮೊದಲ ಲಾರಿ ಅದು. ಬೂಷ್ಟು ಹಿಡಿದ ಮಾಲು ಹೋಗಿ ಮುಟ್ಟಿದರೆ ಸಾವಕಾರರ ಹೆಸರೂ ಹೋಯಿತು, ನನ್ನ ಕುರ್ಚಿಯೂ ಹೋಯಿತು.

"ಏ, ನಿಲ್ಲಸ್ರೋ!" ಎಂದು ಕೂಗುತ್ತ, ಸೀನುತ್ತ ಓಡಿದೆ.

"ಯಾಕ್ರೀ? ನೀವಽ ಕೆಂಪ ಮಾಡಿ ಕಳಿಸೀರಲ್ಲ?" ಎಂದರು ಲಾರಿಯ ಪಕ್ಕ ನಿಂತಿದ್ದ ಸಾವಕಾರರು.

"ಕೆಂಪ ಅಂದ್ರ ಬ್ಯಾಡ ಅಂತ್ರೀ! ಸಿಗ್ನಲ್ ದೀಪ ನೋಡಿಲ್ಲೇನ್ರಿ?"

"ಸಿಗ್ನಲ್ ತಗೊಂಡು ನಾ ಏನ್ ಮಾಡ್ಲಿ? ನಮ್ಮಪ್ಪನ ಕಾಲದಿಂದ ಇಲ್ಲಿ ಕೆಂಪ ಇದ್ದದ್ದಕ್ಕಽ ರೇಟು. ಬ್ಯಾಡಗ್ಯಾಗ ಕುಂತು ಕೆಂಪ ಕೆಟ್ಟದ್ದು ಅಂತೀರಲ್ಲ, ಖರೇನ ನಿಮಗ ಬುದ್ಧಿ ಐತೇನ್ರಿ? ಸಂಜಿ ಒಳಗ ಸರಿ ಮಾಲು ಹೋಗಲಿಲ್ಲಂದ್ರ ಆ ಕಂಪ್ಯೂಟರ್ ಎತ್ತಿ ಅಟ್ಟಕ್ಕ ಹಾಕ್ತೀನಿ. ನೀವು ಮೊದಲಿನಂಗ ಹಲಗಿ ಮ್ಯಾಲ ಚಾಕ್‌ಪೀಸ್‌ಲೆ ಬರ್ಕೋತ ಕುಂದ್ರಿ!"

ನನಗೆ ಸಿಟ್ಟು ನೆತ್ತಿಗೇರಿತು. ಅವರು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೇ ಇನ್ನಷ್ಟು ಏರಿತು. ಹೊರಗೆ ಅಂಗಳದ ತುಂಬ ರಾಶಿ ರಾಶಿ ಕೆಂಪು ಮೆಣಸಿನಕಾಯಿ; ಅದರ ನಡುವೆ ಇಷ್ಟು ವರ್ಷ ಓಡಾಡಿದವನಿಗೆ ಸಿಗ್ನಲ್ ದೀಪ ನೆನಪಾಗಿತ್ತು. ಬಿರಬಿರನೆ ಹೋಗಿ ಕೂತೆ. ಒಣಗಿದ ಒಳ್ಳೆಯ ಲಾಟುಗಳಿಗೆ ಅಪ್ಪಟ ಬ್ಯಾಡಗಿ ಕೆಂಪು ಕೊಟ್ಟೆ. ತೇವದ ಲಾಟುಗಳಿಗೆ, ಬಿಸಿಲಿಗೆ ಸತ್ತು ಬಿಳಿಚಿಕೊಂಡ ಕಾಯಿ ಇರುತ್ತದಲ್ಲ, ಆ ಬಣ್ಣ. ಶೀಟು ಮತ್ತೆ ಸಾವಕಾರರ ಫೋನಿಗೆ ಹೋಯಿತು. ಈ ಸಲವೂ ನಾನು ತುಟಿ ಬಿಚ್ಚಲಿಲ್ಲ. ನೋಡಿದ್ದೇ ತಡ ಅವರು ಮುಖ ಸಿಂಡರಿಸಿ ಕೂಗಿದರು: "ಥೂ, ಈ ಬಿಳಿಚಿದ್ದು ಯಾರಿಗ್ ಬೇಕೋ? ಲಗೂ ಇಳಸ್ರಿ ಕೆಳಗ!"

ಗೆದ್ದೆ! ಹಮಾಲರು ನನ್ನ ಹೆಸರು ಹಿಡಿದು ಬೈಯುತ್ತಲೇ ಚೀಲ ಇಳಿಸಿದರು, ಬೇರೆ ಹೇರಿದರು. ಇನ್ನೂ ಬಿಸಿಲಿರುವಾಗಲೇ ಲಾರಿ ಹೊರಟಿತು. ಮಾಲು ಮುಟ್ಟಿದ ಮೇಲೆ, ಒಂದು ಚೀಲವೂ ಕೆಟ್ಟಿಲ್ಲ, ಇನ್ನೊಂದು ಲಾರಿ ಕಳಿಸಿ ಎಂದು ಗಿರಾಕಿಯ ಫೋನೂ ಬಂತು. ಈಗ ಅಕ್ಕಪಕ್ಕದ ಅಂಗಡಿಯವರು ನನ್ನ ಶೀಟು ಕೇಳಿಕೊಂಡು ಬರುತ್ತಾರೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರು ಕರೆಸಿ, ಮಿರ್ಚಿ-ಮಂಡಕ್ಕಿ ತಿನ್ನಿಸಿ ಕಲಿತುಕೊಂಡರು. "ನಮ್ಮ ಮ್ಯಾನೇಜರ್ರು ಬಣ್ಣದಾಗ ಪಕ್ಕಾ ಮನಶ್ಯಾ" ಎಂದು ಸಾವಕಾರರು ಕಂಡಕಂಡವರಿಗೆ ಹೇಳುತ್ತಾರೆ. ಅದನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳಿದಾಗ ಹೆಂಡತಿ, "ಹಂಗಾರ ಕಿಟಕ್ಯಾಗಿನ ಸೀರಿ ಇಳಸ್ಲೇನ್ರಿ?" ಎಂದಳು. ಹೊಟ್ಟೆಕಿಚ್ಚು!

ಮೊನ್ನೆ ಹಾವೇರಿಯಲ್ಲಿ ರಕ್ತ ಪರೀಕ್ಷೆಗೆ ಕೊಟ್ಟಿದ್ದೆ. ಸಂಜೆ ಫೋನಿಗೆ ರಿಪೋರ್ಟು ಬಂತು. ತೆರೆದು ನೋಡಿದರೆ ಸಕ್ಕರೆ ಕೆಂಪು, ಕೊಬ್ಬು ಕೆಂಪು, ಕಣ್ಣು ತುಂಬುವಂಥ ಕೆಂಪು! "ಏ, ಬಾ ಇಲ್ಲೆ! ನೋಡ, ಎಲ್ಲಾ ಒಂದ ನಂಬರ್ ಮಾಲು!" ಎಂದು ಹೆಮ್ಮೆಯಿಂದ ಫೋನು ಹಿಡಿದೆ. ಅವಳು ಕನ್ನಡಕ ಏರಿಸಿ ನಿಧಾನವಾಗಿ ಓದಿದಳು. ನನ್ನ ಮುಂದಿದ್ದ ಚಹಾದ ಕಪ್ಪನ್ನೂ ಮಿರ್ಚಿ ಬಜ್ಜಿಯ ತಾಟನ್ನೂ ಎತ್ತಿಕೊಂಡಳು.

"ಕೆಂಪ ಹೋದ್ರ ಮಿರ್ಚಿ. ಇಲ್ಲಾಂದ್ರ ಹಾಗಲಕಾಯಿ" ಎಂದಳು.

ಷರತ್ತು ಬಿದ್ದದ್ದೇ ತಡ, ನನ್ನ ಮುಖ ಆ ತೇವದ ಲಾಟಿನ ಬಿಳಿಚು ಬಣ್ಣಕ್ಕೆ ತಿರುಗಿತು.